ನೀಲಂ ಹಣ್ಣಿನ ಕಾಲ

ಏಪ್ರಿಲ್ 9

ಶಾಮಲಮ್ಮನಿಗೆ ಕಾಗದ ಬರೆಯೋಣವೆಂದು ಕೂತೆ. 'ನಾವೆಲ್ಲ ಇಲ್ಲಿ ಕ್ಷೇಮ' ಎಂದು ಬರೆದಾಯಿತು, ಅಲ್ಲಿಗೇ ಪೆನ್ನು ನಿಂತಿತು. ಮುಳಬಾಗಿಲಿನಲ್ಲಿರುವ ನನ್ನ ಈ ತಂಗಿಯ ಮನೆಗೆ ಕಾಗದ ಹೋದರೆ ಜಗಲಿಯ ಮೇಲೆ ಕೂತು ಗಟ್ಟಿಯಾಗಿ ಓದುತ್ತಾರೆ. ಎದುರುಮನೆಯವರೂ ಬಂದು ಕೇಳುತ್ತಾರೆ. ಈ ವಿಷಯ ಜಗಲಿಗೆ ಬರುವಂಥದ್ದಲ್ಲ. ಅದಕ್ಕೇ ಚಂದನಳ ಹಳೇ ನೋಟ್‌ಬುಕ್ಕಿನಲ್ಲಿ ಮಿಕ್ಕ ಹಾಳೆಗಳಿಗೆ ಹೇಳಿಕೊಳ್ಳುತ್ತಿದ್ದೇನೆ.

ಮೊದಲು ಒಳ್ಳೆಯದನ್ನೇ ಬರೆಯುತ್ತೇನೆ. ಮೊಮ್ಮಗಳು ಚಂದನಳಿಗೆ ಹೋಳೂರಿನ ಹತ್ತಿರದ ಒಂದು ಹಳ್ಳಿಯ ಅಂಚೆ ಕಚೇರಿಯಲ್ಲಿ ಕೆಲಸ ಸಿಕ್ಕಿದೆ. ಎಸ್ಸೆಸ್ಸೆಲ್ಸಿ ಅಂಕದ ಮೇಲೆ ಹೆಸರು ಬಂತು. ನಾನು ಶಾಲೆ ಕಂಡವಳಲ್ಲ. ಮಗ ಮುರಳಿ ಅ ಆ ಇ ಈ ತಿದ್ದುವಾಗ ಅವನ ಪಕ್ಕ ಕೂತು ಕಲಿತವಳು. ಆಗಿನಿಂದ ನೆಂಟರಿಗೆಲ್ಲ ಕಾಗದ ಬರೆದೇ ಬರೆದಿದ್ದೇನೆ. ಇನ್ನು ಮೇಲೆ ಕಾಗದಕ್ಕೆ ಮುದ್ರೆ ಒತ್ತುವವಳು ನನ್ನ ಮನೆಯವಳೇ ಎಂದು ಮಾಸ್ತಿಯ ಸಂತೆಯಲ್ಲಿ ಸಿಕ್ಕವರಿಗೆಲ್ಲ ಹೇಳಿಕೊಂಡು ಬಂದೆ. ಬಾಯಿ ಸುಮ್ಮನಿರಬೇಕಿತ್ತು.

ಇವತ್ತು ಚಂದನ ಅಡುಗೆಮನೆಯ ಹೊಸ್ತಿಲಲ್ಲಿ ಕೂತು ಅವರು ಕೊಟ್ಟ ಕಾಗದಗಳನ್ನು ತುಂಬುತ್ತಿದ್ದಳು.

"ಅಮ್ಮಾ, ನೀನು ಹುಟ್ಟಿದ್ದು ಯಾವೂರಲ್ಲಿ? ತಾಯಿ ಯಾವ ದೇಶದ ಪ್ರಜೆ, ಹುಟ್ಟಿನಿಂದ್ಲಾ ಅಂತ ಕೇಳಿದ್ದಾರೆ. ಪೊಲೀಸ್‌ನವರು ಬಂದು ವಿಚಾರಿಸ್ತಾರಂತೆ, ತಪ್ಪು ಬರೆದ್ರೆ ಕೆಲಸ ಹೋಗುತ್ತಂತೆ."

ಮುರಳಿಯ ಹೆಂಡತಿ ಮುದ್ದೆ ತಿರುವುತ್ತಿದ್ದಳು. ಕೋಲು ನಿಂತಿತು. ಈ ಮನೆಗೆ ಬಂದಾಗಿನಿಂದ ಅವಳ ಕೈಯಲ್ಲಿ ಒಂದು ದಿನವೂ ಮುದ್ದೆ ತಳ ಹಿಡಿದಿರಲಿಲ್ಲ. ಇವತ್ತು ಹಿಡಿಯಿತು. ಯಜಮಾನರು ತಟ್ಟೆಯ ಮುಂದೆ ಕೂತು ಮೂಸಿ ನೋಡಿದರು, ತಿಂದು ಎದ್ದುಹೋದರು.

ಏಪ್ರಿಲ್ 10

"ಹುಟ್ಟಿದ್ದು ಮಾಲೂರು ಅಂತ ಬರೆದು ಕಳಿಸಮ್ಮಾ, ಯಾರು ನೋಡ್ತಾರೆ" ಅಂದರು ಯಜಮಾನರು.

ನಾನು ಆಗುವುದಿಲ್ಲ ಎಂದೆ. ಡೈರಿಯಲ್ಲಿ ಹಾಲು ಅಳೆಯುವ ಆಂಜಿ ಎಲ್ಲರ ಕ್ಯಾನಿಗೂ ಡಿಗ್ರಿ ಕಡ್ಡಿ ಇಳಿಬಿಟ್ಟು ನೀರು ಬೆರೆಸಿದ್ದಾರೋ ಎಂದು ನೋಡುತ್ತಾನೆ. ನನ್ನ ಕ್ಯಾನಿಗೆ ಮಾತ್ರ ಇಳಿಬಿಡುವುದಿಲ್ಲ. "ಅಕ್ಕಯಮ್ಮಾರ ಹಾಲಿಗೆ ಕಡ್ಡಿ ಯಾಕೆ" ಅನ್ನುತ್ತಾನೆ. ಇಂಥ ಮನೆಯಲ್ಲಿ ಕೂತು ಸರ್ಕಾರಕ್ಕೆ ಸುಳ್ಳು ಬರೆದುಕೊಡುವುದೇ?

"ಹಂಗಾದ್ರೆ ನೀನೇ ಬರಿ, ಎಲ್ಲಿ ಹುಟ್ಟಿದ್ಲು ಅಂತ" ಅಂದರು. ನಾನು ಕ್ಯಾನು ಎತ್ತಿಕೊಂಡು ಡೈರಿಗೆ ಹೊರಟೆ.

ಏಪ್ರಿಲ್ 14

ಚಂದನಳಿಗೆ ಹೇಳಿದೆವು. ಹೇಳಿದವಳು ಅವಳ ತಾಯಿಯೇ. ನಾವೆಲ್ಲ ಗೋಡೆ ನೋಡುತ್ತ ಕೂತಿದ್ದೆವು.

ಆಗ ಮುರಳಿ ಮಾಸ್ತಿಯಿಂದ ಹೊಸೂರಿಗೆ ತರಕಾರಿ ಟೆಂಪೋ ಓಡಿಸುತ್ತಿದ್ದ. ಅಲ್ಲಿ ಗುಲಾಬಿ ತೋಟದಲ್ಲಿ ಹೂವು ಕಟ್ಟು ಕಟ್ಟುವ ಕೆಲಸಕ್ಕೆ ಬರುತ್ತಿದ್ದವಳು ಇವಳು. ಕೃಷ್ಣಗಿರಿ ಕಡೆಯ ಸಿಲೋನ್ ನಿರಾಶ್ರಿತರ ಕ್ಯಾಂಪಿನ ಹುಡುಗಿ. ಇವಳ ತಂದೆತಾಯಿ ಆ ಕಡೆಯ ಗಲಾಟೆಯಲ್ಲಿ ದೋಣಿ ಹತ್ತಿ ರಾಮೇಶ್ವರಕ್ಕೆ ಬಂದವರು. ಮುರಳಿ ಬೇರೆ ಯಾರನ್ನೂ ಒಲ್ಲೆನೆಂದು ಕೂತ. ಒಪ್ಪಿಕೊಂಡೆವು. ಮದುವೆಯ ದಿನ ನಮ್ಮಲ್ಲಿ ತಟ್ಟೆಗೆ ಅಕ್ಕಿ ಹರಡಿ ಉಂಗುರದಿಂದ ಸೊಸೆಗೆ ಹೊಸ ಹೆಸರು ಬರೆಸುವುದುಂಟಲ್ಲ, ಅಲ್ಲಿ 'ಅನಿತ' ಎಂದು ಬರೆಸಿದೆವು. ನೆಂಟರಿಗೆ 'ಹೊಸೂರು ಕಡೆ ಹುಡುಗಿ' ಎಂದೆವು. ಅದು ಸುಳ್ಳೂ ಅಲ್ಲ. ರೇಷನ್ ಕಾರ್ಡು, ಆಧಾರ್, ವೋಟಿನ ಕಾರ್ಡು ಎಲ್ಲ ತಟ್ಟೆಯ ಹೆಸರಿನಲ್ಲೇ ಆದವು.

ಚಂದನ ಕೇಳಿದಳು, "ಹಾಗಾದ್ರೆ ಅಮ್ಮ, ನಿನ್ನ ನಿಜವಾದ ಹೆಸರೇನು?"

"ತವಮಣಿ."

"ಎಷ್ಟು ಚೆನ್ನಾಗಿದೆ!" ಎಂದು ಹುಡುಗಿ ಅತ್ತುಬಿಟ್ಟಳು. ಯಾಕೆ ಅತ್ತಳೋ. ಹೆಸರು ಚೆನ್ನಾಗಿದೆ ಎಂದು ಯಾರಾದರೂ ಅಳುತ್ತಾರೆಯೇ?

ಏಪ್ರಿಲ್ 20

ಕೋಲಾರಕ್ಕೆ ಹೋಗಿ ಬಂದೆವು. ಲಾಯರ್ ಗಂಗುಲಪ್ಪನವರು ಮುರಳಿಗೆ ಪರಿಚಯ, ಇವನ ಹತ್ತಿರ ಟೊಮೇಟೊ ತೆಗೆದುಕೊಳ್ಳುತ್ತಾರೆ. ಕೋರ್ಟಿನ ಎದುರು ಒಂದು ಕೋಣೆ, ಮೇಲೆ ಕಿರ್ರೆನ್ನುವ ಫ್ಯಾನು. ಅವರು ಹೇಳಿದ್ದನ್ನು ಮರೆಯುವ ಮೊದಲು ಬರೆದಿಡಬೇಕು.

"ನೋಡ್ರಮ್ಮ, ಕಾನೂನು ಒಂದೇ ಸಲ ಬಾಗಿಲು ಹಾಕಿಲ್ಲ, ಸ್ವಲ್ಪ ಸ್ವಲ್ಪ ಹಾಕ್ತಾ ಬಂದಿದೆ. ಮೊದಲು ಈ ಮಣ್ಣಲ್ಲಿ ಹುಟ್ಟಿದ್ರೆ ಸಾಕಿತ್ತು, ಅಪ್ಪ ಅಮ್ಮ ಯಾವ ದೇಶದವರಾದ್ರೂ ಮಗು ಇಲ್ಲಿದೇ. ಎಂಬತ್ತೇಳನೇ ಇಸವಿ ಜುಲೈ ಒಂದರಿಂದ ಅರ್ಧ ಬಾಗಿಲು. ಅಪ್ಪ ಅಮ್ಮ ಇಬ್ಬರಲ್ಲಿ ಒಬ್ರಾದ್ರೂ ಇಲ್ಲಿಯವರಾಗಿರಬೇಕು. ಎರಡು ಸಾವಿರದ ನಾಲ್ಕು ಡಿಸೆಂಬರಿಂದ ಇನ್ನೂ ಬಿಗಿ. ಒಬ್ರು ಇಲ್ಲಿಯವರು, ಇನ್ನೊಬ್ರು ಕಾಗದ ಇಲ್ದೆ ಬಂದವರಾಗಿರಬಾರದು."

"ಚಂದನ ಹುಟ್ಟಿದ್ದು ಎರಡು ಸಾವಿರದ ಆರು" ಎಂದ ಮುರಳಿ.

"ಅದಕ್ಕೇ ತಾಯಿದು ಮೊದಲು ಬಗೆಹರೀಬೇಕು. ಆಯಮ್ಮ ಎಂಬತ್ತೇಳು ಜುಲೈ ಒಂದಕ್ಕೆ ಮುಂಚೆ ಇಲ್ಲಿ ಹುಟ್ಟಿದ್ರೆ ಹುಟ್ಟಿನಿಂದ್ಲೇ ಇಲ್ಲಿಯವಳು. ಮಗಳೂ ಸರಿ, ಮನೆಯೂ ಸರಿ. ಆಮೇಲೆ ಹುಟ್ಟಿದ್ರೆ ಕಷ್ಟ. ಹೋದ ಸೆಪ್ಟೆಂಬರಿಂದ ಹೊರದೇಶದವರ ಕಾಯ್ದೆ ಬೇರೆ ಹೊಸದು. ಕ್ಯಾಂಪಿನ ರಿಜಿಸ್ಟರಲ್ಲಿರೋ ಹಳಬರಿಗೆ ಶಿಕ್ಷೆ ಬೇಡ ಅಂತ ಬಿಟ್ಟಿದ್ದಾರೆ. ನಿಮ್ಮ ಹೆಸರು ಅಲ್ಲಿದೆಯೇನಮ್ಮ?"

"ಇಲ್ಲ ಸಾರ್" ಎಂದಳು ಮುರಳಿಯ ಹೆಂಡತಿ. "ಮದುವೆ ಆದ್ಮೇಲೆ ತಲೆ ಎಣಿಸೋ ಚೆಕಿಂಗ್ ದಿನ ನಾನು ಇರ್ಲಿಲ್ಲ. ಹೆಸರು ಹೊಡೆದುಹಾಕಿದ್ರು."

"ಅಂದ್ರೆ ಅಲ್ಲೂ ಇಲ್ಲ, ಇಲ್ಲೂ ಇಲ್ಲ." ಗಂಗುಲಪ್ಪನವರು ಕನ್ನಡಕ ತೆಗೆದು ಒರೆಸಿದರು. "ಮತ್ತೆ ಸೇರಿಸ್ಕೊಳ್ಳಿ ಅಂತ ಅರ್ಜಿ ಹಾಕಬಹುದು. ಸೇರಿಸಿಕೊಂಡ್ರೂ ಅಲ್ಲೇ ವಾಸ ಇರಬೇಕು ಅಂತಾರೆ. ಚೆಕಿಂಗ್ ದಿನ ಅಲ್ಲೇ ನಿಂತಿರಬೇಕು."

ವಾಸ ಅಲ್ಲಿ. ಇಲ್ಲಿಂದ ಎದ್ದು ಹೋಗಿ ಅಲ್ಲಿ ವಾಸ. ನನಗೆ ಆ ಫ್ಯಾನಿನ ಸದ್ದೊಂದೇ ಕೇಳಿಸುತ್ತಿತ್ತು.

ಇವಳ ಹತ್ತಿರ ಕ್ಯಾಂಪಿನ ಶಾಲೆಯ ಸರ್ಟಿಫಿಕೇಟು ಇತ್ತು. ಅದರಲ್ಲಿ ಹುಟ್ಟಿದ ತಾರೀಕು ಒಂದು, ಜೂನ್, ಎಂಬತ್ತೇಳು. ಮುರಳಿ ಎದ್ದೇ ನಿಂತ. ಆದರೆ ಲಾಯರು ನಕ್ಕರು.

"ಜೂನ್ ಒಂದು! ಅಮ್ಮ, ಇದು ಮೇಷ್ಟ್ರು ಹೆತ್ತ ತಾರೀಕು. ಶಾಲೆಗೆ ಸೇರಿಸೋಕೆ ಬಂದವರಿಗೆ ದಿನ ಗೊತ್ತಿಲ್ಲದಿದ್ರೆ ದೇಶದ ತುಂಬ ಮೇಷ್ಟ್ರುಗಳು ಇದನ್ನೇ ಬರೆದಿದ್ದಾರೆ. ಪೊಲೀಸ್‌ನೋರಿಗೂ ಗೊತ್ತು. ಇದನ್ನೇ ಬರೆದು ಕಳಿಸಿ, ಬೇರೆ ದಾರಿ ಇಲ್ಲ. ಆದ್ರೆ ಹೆತ್ತ ತಾಯಿ ಇದ್ದಾರಲ್ಲ, ಅವರನ್ನ ಒಂದ್ಸಲ ಕೇಳ್ಕೊಂಡು ಬನ್ನಿ. ವಿಚಾರಣೆಗೆ ಬಂದವರು ಕೇಳೇ ಕೇಳ್ತಾರೆ."

ಬಸ್ಸಿನಲ್ಲಿ ಮುರಳಿ, "ತಾರೀಕು ಐತಲ್ಲವ್ವ, ಸಾಕು. ಕೆದಕೋದು ಯಾಕೆ?" ಎಂದ. ನಾನೇ ಹಟ ಹಿಡಿದೆ. ನಿಜ ಏನೋ ಅದನ್ನು ತಿಳಿದುಕೊಂಡು ನಿಜವನ್ನೇ ಹೇಳೋಣ, ನಮ್ಮ ಮನೆಯಲ್ಲಿ ಇನ್ನೊಂದು ರೂಢಿ ಬೇಡ ಎಂದೆ. ಕಿಟಕಿಯ ಪಕ್ಕ ಕೂತಿದ್ದ ಅನಿತ ನನ್ನ ಕಡೆ ತಿರುಗಿ ನೋಡಿ ಮತ್ತೆ ಕಿಟಕಿಗೆ ತಿರುಗಿದಳು.

ಏಪ್ರಿಲ್ 21

ಜೂನ್ ಒಂದು. ಯಜಮಾನರದೂ ಅದೇ, ಮುರಳಿಯದೂ ಅದೇ. "ನಮ್ಮ ಸೀಮೆಹಸೂಗೇ ಕಿವೀಲಿ ನಂಬರಿನ ಬಿಲ್ಲೆ ಐತೆ, ಎಲ್ಲಿ ಹುಟ್ಟಿತೂಂತ ಫೋನಲ್ಲೇ ತೋರಿಸ್ತಾರೆ. ಈ ಹುಡುಗೀಗೆ ಒಂದು ಬಿಲ್ಲೆ ಇಲ್ವಲ್ಲ" ಎಂದರು ಯಜಮಾನರು. ನಗಲಿಕ್ಕೆ ಹೇಳಿದ್ದು.

ಏಪ್ರಿಲ್ 27

ಬೈಕಿನ ಸದ್ದಾದರೆ ಎದೆ ಹಾರುತ್ತದೆ. ಬೆಳಿಗ್ಗೆ ಜೀಪು ಬಂತು. ಕೈಯಲ್ಲಿದ್ದ ಮೊರ ಜಾರಿ ಅವರೆಕಾಳೆಲ್ಲ ಅಂಗಳಕ್ಕೆ ಚೆಲ್ಲಿತು. ಬಂದವರು ಪೊಲೀಸರಲ್ಲ, ದನಗಳಿಗೆ ಕಾಲುಬಾಯಿ ಜ್ವರದ ಸೂಜಿ ಹಾಕಲು ಬಂದವರು.

ಮಧ್ಯಾಹ್ನ ರಾಗಿ ತೆಗೆಯಲು ಹೋದೆ. ಕಾಳು ತುಂಬಿಡುವ ವಾಡೆಯ ಹಿಂದೆ ಒಂದು ಬಟ್ಟೆ ಬ್ಯಾಗು ಇತ್ತು. ಒಳಗೆ ಎರಡು ಸೀರೆ, ಒಂದು ಟವೆಲು, ಚಂದನ ಚಿಕ್ಕವಳಿದ್ದಾಗಿನ ಒಂದು ಫೋಟೊ. ಅನಿತ ಹೊರಡಲು ಸಿದ್ಧವಾಗಿದ್ದಾಳೆ. ಯಾರೂ ಹೊರಡು ಎನ್ನುವ ಮೊದಲೇ ಗಂಟು ಕಟ್ಟಿಡುವುದು ಅವಳ ತಾಯಿಯಿಂದ ಬಂದ ಅಭ್ಯಾಸವಿರಬೇಕು.

ಬ್ಯಾಗನ್ನು ಇದ್ದ ಜಾಗದಲ್ಲೇ ಇಟ್ಟು ಬಂದೆ. ರಾಗಿ ತರುವುದು ಮರೆತೆ.

ಮೇ 3

ಇವತ್ತು ಕ್ಯಾಂಪಿಗೆ ಹೋಗಿದ್ದೆ. ಅನಿತ ಮತ್ತು ನಾನು. ಮಾಲೂರು, ಹೊಸೂರು, ಅಲ್ಲಿಂದ ಇನ್ನೊಂದು ಬಸ್ಸು. ಇಷ್ಟು ವರ್ಷಗಳಲ್ಲಿ ನಾನು ಅಲ್ಲಿಗೆ ಕಾಲಿಟ್ಟಿರಲಿಲ್ಲ. ಅನಿತಳ ತಾಯಿ, ನಮ್ಮ ಸಂಬಂಧಿ, ತಾವೇ ಹೊಸೂರು ಬಸ್‌ಸ್ಟ್ಯಾಂಡಿಗೆ ಬಂದು ಮಗಳನ್ನೂ ಮೊಮ್ಮಗಳನ್ನೂ ನೋಡಿಕೊಂಡು ಹೋಗುತ್ತಿದ್ದರು. ಅವರ ಮನೆ ಹೊಸೂರಲ್ಲೇ ಎಂದು ಚಂದನ ತಿಳಿದಿದ್ದಳು. ಬಸ್‌ಸ್ಟ್ಯಾಂಡಿನ ಕಲ್ಲುಬೆಂಚೇ ಅವರಿಗೆ ನಮ್ಮ ಮನೆಯಾಗಿತ್ತು.

ಸಾಲು ಸಾಲು ಕೋಣೆಗಳು, ಮೇಲೆ ಶೀಟು. ಒಂದು ಕೋಣೆ ಎಂದರೆ ನಮ್ಮ ದನದ ಕೊಟ್ಟಿಗೆಯ ಅರ್ಧ. ಆದರೆ ಬಾಗಿಲ ಮುಂದೆ ಎಂಥ ಅಚ್ಚುಕಟ್ಟು! ಹಳೇ ಬಕೆಟ್ಟಿನಲ್ಲಿ ಕರಿಬೇವು, ಡಬ್ಬದಲ್ಲಿ ದಾಸವಾಳ. ಸಂಬಂಧಿಯ ಹೆಸರು ಪೂಮಣಿ. ನನ್ನನ್ನು ಕಂಡು "ವಾಂಗೋ, ವಾಂಗೋ" ಎಂದು ಎರಡೂ ಕೈ ಹಿಡಿದುಕೊಂಡು, ಕೂರಿಸಲು ಕುರ್ಚಿ ತರಲು ಪಕ್ಕದ ಮನೆಗೆ ಓಡಿದರು. ಹಾಲಿಲ್ಲದ ಟೀ ಕೊಟ್ಟರು. ನಾನು ದಿನಾ ಡೈರಿಗೆ ಕ್ಯಾನುಗಟ್ಟಲೆ ಹಾಲು ಹಾಕುವವಳು, ಒಂದು ಲೋಟ ಹಾಲು ತಂದುಕೊಡಬೇಕೆಂದು ತೋಚಲಿಲ್ಲ.

ಅನಿತ ಹಳೇ ಗೆಳತಿಯರು ಕರೆದರೆಂದು ನಲ್ಲಿಯ ಕಡೆ ಹೋದಾಗ ಕೇಳಿದೆ. ನನಗೆ ತಮಿಳು ಚೆನ್ನಾಗಿಯೇ ಅರ್ಥವಾಗುತ್ತದೆ. ತಿರುಗಿ ಮಾತಾಡುವಾಗ ಅರ್ಧ ತೆಲುಗು ಬೆರೆಯುತ್ತದೆ ಅಷ್ಟೆ.

"ಇವಳು ಹುಟ್ಟಿದ್ದು ಯಾವಾಗ ಸಂಬಂಧೀ? ನೆನಪುಂಟೇ?"

ಆಯಮ್ಮನ ಮುಖ ಅರಳಿತು. ಯಾರೂ ಅದನ್ನು ಕೇಳಿರಲಿಲ್ಲವೋ ಏನೋ. ದೋಣಿ ಇಳಿದ ಆ ಎಂಬತ್ತೇಳರಲ್ಲೇ, ರಾಮೇಶ್ವರದ ಹತ್ತಿರ ಮಂಡಪಂನಲ್ಲಿ, ಕ್ಯಾಂಪಿನ ಶೆಡ್ಡಿನಲ್ಲಿ, ಆಡಿ ಗಾಳಿಗೆ ಮೇಲಿನ ತಗಡು ಧಡಧಡ ಬಡಿದುಕೊಳ್ಳುತ್ತಿತ್ತಂತೆ. ಬಾಯಿಗೆ ಏನೂ ಸೇರುತ್ತಿರಲಿಲ್ಲ, ಮಾವಿನ ಹಣ್ಣು ಬೇಕು ಎಂದು ಅತ್ತರಂತೆ. ಆ ಊರಿನ ಒಬ್ಬ ಮೀನಿನವನು ಯಾರಿಂದಲೋ ಕೇಳಿ ತಿಳಿದು ಟವೆಲಿನಲ್ಲಿ ನಾಲ್ಕು ಹಣ್ಣು ಕಟ್ಟಿಕೊಂಡು ಬಂದನಂತೆ.

"ನೀಲಂ. ಅದು ಒಂದೇ ಸಿಗ್ತಿತ್ತು ಆಗ, ಬೇರೆ ಹಣ್ಣೆಲ್ಲ ಮುಗಿದುಹೋಗಿತ್ತು. ಕಚ್ಚಿ ತಿಂದೆ, ವಾಟೆ ಒಡೆದ್ರೆ ಒಳಗಿಂದ ಒಂದು ಕರೀ ಹುಳ ಹಾರಿಹೋಯ್ತು. ಎಲ್ಲರೂ ನಕ್ಕರು. ಅವತ್ತು ಸಾಯಂಕಾಲ ಇವಳು ಹುಟ್ಟಿದಳು."

ನಾನೂ ನಕ್ಕೆ. ನಗುತ್ತಲೇ ತಿಂಗಳು ಲೆಕ್ಕ ಹಾಕಿದೆ.

ನಾನು ಹುಟ್ಟಿ ಬೆಳೆದದ್ದು ಶ್ರೀನಿವಾಸಪುರದ ಕಡೆ, ಮಾವಿನ ತೋಪಿನಲ್ಲಿ. ಬಾದಾಮಿ ಮೊದಲು, ರಸಪುರಿ ಅದರ ಬೆನ್ನಿಗೆ, ತೋತಾಪುರಿ ಆಮೇಲೆ. ನೀಲಂ ಕೀಳುವಾಗ ಬೇರೆ ಮರಗಳೆಲ್ಲ ಬರಿದಾಗಿರುತ್ತವೆ. ಆಡಿ ಎಂದರೆ ತಮಿಳರ ಆಷಾಢ, ಜುಲೈ ಅರ್ಧ ಕಳೆದ ಮೇಲೆ ಹುಟ್ಟುತ್ತದೆ. ಆ ಗಾಳಿ ಜೂನ್ ಒಂದಕ್ಕೆ ಬರುವುದಿಲ್ಲ. ಜೂನ್ ಮೂವತ್ತಕ್ಕೂ ಬರುವುದಿಲ್ಲ. ಅಲ್ಲಿ ಬಿಸಿಲು ಹೆಚ್ಚು, ಹಣ್ಣು ಬೇಗ ಬಂದಿರಬಹುದು ಎಂದು ಬಸ್ಸಿನ ಉದ್ದಕ್ಕೂ ನನಗೆ ನಾನೇ ಹೇಳಿಕೊಂಡೆ. ಹಣ್ಣಾದರೂ ಬೇಗ ಬಂದೀತು. ಗಾಳಿ?

ಹೊರಡುವಾಗ ಆಯಮ್ಮ ಕೇಳಿದರು, "ನಾನು ಹೇಳಿದ್ದು ಉಪಯೋಗ ಆಯ್ತಾ?"

ಆಯ್ತು ಎಂದೆ.

ಮೇ 4

ಮುರಳಿ ಕೇಳಿದ, "ಏನಂದ್ರವ್ವ?"

"ವಯಸ್ಸಾಗಿದೆ ಕಣೋ, ಆಯಮ್ಮಂಗೆ ಏನೂ ನೆನಪಿಲ್ಲ."

ಹೆತ್ತ ಮಗನಿಗೇ ಸುಳ್ಳು ಹೇಳಿದೆ. ಅವರಿಗೆ ವಾಟೆಯೊಳಗಿನ ಹುಳ ಕೂಡ ನೆನಪಿತ್ತು.

ಮೇ 12

ದೋಸೆಹಿಟ್ಟು ರುಬ್ಬುತ್ತಿದ್ದ ತವಮಣಿ ಗ್ರೈಂಡರು ನಿಲ್ಲಿಸಿ ನನ್ನ ಎದುರು ಬಂದು ಕೂತಳು.

"ಅತ್ತೆ, ನಾನು ಕ್ಯಾಂಪಿಗೆ ಹೋಗಿ ಸೇರ್ಕೊಳ್ತೀನಿ. ಅಮ್ಮನ ಜೊತೆ ಇರ್ತೀನಿ. ರಿಜಿಸ್ಟರಲ್ಲಿ ಹೆಸರು ಬಂದ್ರೆ, ಕದ್ದು ಬಂದೋಳ ಮಗಳು ಅಂತ ಚಂದನಂಗೆ ಯಾರೂ ಅನ್ನಲ್ಲ. ಅವಳ ಕೆಲಸ ಉಳೀಬಹುದು."

"ಉಳಿಯುತ್ತೆ ಅಂತ ಲಾಯರ್ ಹೇಳಿದ್ರಾ?"

"ಇಲ್ಲ."

"ಮತ್ತೆ?"

"ನಾನು ಜೂನ್‌ನಲ್ಲಿ ಹುಟ್ಟಿದೋಳಲ್ಲ ಅತ್ತೆ. ಅಮ್ಮ ನಿಮಗೆ ಹೇಳಿರ್ತಾಳೆ. ನೀಲಂ ಹಣ್ಣಿನ ಕಥೆ ಅವಳು ಹೇಳದೆ ಯಾರನ್ನೂ ಬಿಡಲ್ಲ. ನಿಜಾನೇ ಹೇಳಬೇಕು ಅಂತ ನೀವೇ ಅಂದಿದ್ರಿ."

ಎಷ್ಟು ಮೆತ್ತಗೆ ಹೇಳಿದಳು ಎಂದರೆ, ಗ್ರೈಂಡರು ಓಡುತ್ತಿದ್ದರೆ ಕೇಳಿಸುತ್ತಲೇ ಇರಲಿಲ್ಲ.

"ನಿಮ್ಮಮ್ಮನ ತಮಿಳು ನಂಗೆ ಒಂದಕ್ಷರ ಅರ್ಥ ಆಗ್ಲಿಲ್ಲಮ್ಮ" ಎಂದೆ. "ಆ ಸಿಲೋನ್ ತಮಿಳು ಬೇರೆ ಥರಾ. ಮೊದಲು ಹಿಟ್ಟು ರುಬ್ಬು, ಹುಳಿ ಬರುತ್ತೆ."

ಮಧ್ಯಾಹ್ನ ಅವಳು ಹೊಲದ ಕಡೆ ಹೋದಾಗ ವಾಡೆಯ ಹಿಂದಿನ ಬ್ಯಾಗು ತೆಗೆದೆ. ಎರಡೂ ಸೀರೆಗಳನ್ನು ನೆನೆಹಾಕಿ ಒಗೆದು ಅಂಗಳದ ತಂತಿಗೆ ಹರಡಿದೆ. ಒದ್ದೆ ಸೀರೆ ಬ್ಯಾಗಿಗೆ ಹಾಕಿಕೊಂಡು ಯಾರು ಹೋಗುತ್ತಾರೆ? ಫೋಟೊ ಮಾತ್ರ ದೇವರ ಗೂಡಿನಲ್ಲಿಟ್ಟೆ. ಅವಳು ಬಂದು ತಂತಿ ನೋಡಿದಳು. ಒಣಗಿದ ಮೇಲೆ ಮಡಚಿ ಬೀರುವಿಗೆ ಇಟ್ಟಳು. ಬ್ಯಾಗಿಗೆ ನಾನು ಸೌತೆಕಾಯಿ ತುಂಬಿ ಪಕ್ಕದ ಮನೆಗೆ ಕೊಟ್ಟು ಕಳಿಸಿದೆ.

ಮೇ 19

ಇವತ್ತು ಬಂದರು.

ಒಬ್ಬರೇ, ಬೈಕಿನಲ್ಲಿ, ಖಾಕಿಯಲ್ಲಿ. ಏಎಸ್‌ಐ ಅಂತೆ. ತಲೆ ನರೆತಿದೆ, ಒಳ್ಳೇ ಮಾತಿನವರು. ಮೊದಲು ಡೈರಿಗೆ ಹೋಗಿ ನಮ್ಮ ಬಗ್ಗೆ ಕೇಳಿಕೊಂಡೇ ಬಂದಿದ್ದರು.

"ಏನಮ್ಮಾ, ಊರೆಲ್ಲಾ ನಿಮ್ಮದೇ ಹೊಗಳಿಕೆ. ಅಕ್ಕಯಮ್ಮನವರ ಮಾತಿಗೂ ಹಾಲಿಗೂ ಕಡ್ಡಿ ಹಾಕಿ ನೋಡೋದಿಲ್ಲ ಅಂದ ಆ ಹಾಲಿನವನು."

ನಾನು ಮಜ್ಜಿಗೆ ತರಲು ಒಳಗೆ ಹೋದೆ. ಲೋಟಕ್ಕೆ ಸುರಿಯುವಾಗ ಅರ್ಧ ಮಜ್ಜಿಗೆ ನೆಲಕ್ಕೆ ಹೋಯಿತು. ಮತ್ತೆ ತುಂಬಿಸಿಕೊಂಡು ಬಂದೆ.

ಚಂದನ ಬರೆದುಕೊಟ್ಟದ್ದೆಲ್ಲ ಅವರ ಕೈಯಲ್ಲಿತ್ತು. ತಾಯಿ ತವಮಣಿ, ಈಗಿನ ಹೆಸರು ಅನಿತ, ಹುಟ್ಟಿದ್ದು ಮಂಡಪಂ, ಜೂನ್ ಒಂದು. ಮುರಳಿ ಕಂಬಕ್ಕೆ ಒರಗಿ ನಿಂತಿದ್ದ. ಯಜಮಾನರು ಕೆಮ್ಮುತ್ತಲೇ ಇದ್ದರು. ತವಮಣಿ ಬಾಗಿಲ ಹತ್ತಿರ ಸೆರಗು ಹಿಡಿದು ನಿಂತಿದ್ದಳು. ಚಂದನ ನನ್ನ ಪಕ್ಕ.

"ಜೂನ್ ಒಂದು ಅಂದ್ರೆ ನಂಗೆ ನಂಬಿಕೆ ಕಮ್ಮಿ" ಎಂದರು ಅವರು. "ನಂದೂ ಜೂನ್ ಒಂದೇ, ನಮ್ಮ ಸಾಹೇಬ್ರದೂ ಅದೇ. ಹೆತ್ತ ತಾಯಿ ಇದಾರಂತಲ್ಲ, ಅವರೇನಂತಾರೆ? ಯಾರಾದ್ರೂ ಕೇಳಿದೀರಾ?"

ತವಮಣಿ ಬಾಯಿ ತೆರೆದಳು. ಅವಳು ನಿಜ ಹೇಳುತ್ತಾಳೆಂದು ನನಗೆ ಗೊತ್ತಿತ್ತು. ಅವಳಿಗಿಂತ ಮೊದಲು ನಾನು ಹೇಳಿದೆ.

"ನಾನೇ ಹೋಗಿ ಕೇಳ್ಕೊಂಡು ಬಂದೆ ಸಾರ್. ಮಾವಿನ ಹಣ್ಣಿನ ಕಾಲ ಅಂದ್ರು. ಬೆಳಿಗ್ಗೆ ಹಣ್ಣು ತಿಂದ್ರಂತೆ, ಸಾಯಂಕಾಲ ಇವಳು ಹುಟ್ಟಿದ್ಲಂತೆ."

"ಮಾವಿನ ಕಾಲ ಅಂದ್ರೆ ಉದ್ದ ಇದೆಯಲ್ಲಮ್ಮ. ನಾನು ಶ್ರೀನಿವಾಸಪುರದೋನು. ಯಾವ ಹಣ್ಣು?"

ಆಹಾ, ಇಡೀ ಜಿಲ್ಲೆಯಲ್ಲಿ ಬೇರೆ ಯಾರೂ ಸಿಗಲಿಲ್ಲವೇ ಕಳಿಸಲು! ನಮ್ಮ ತೋಪಿನವನೇ ಬರಬೇಕೇ!

"ಬಾದಾಮಿ" ಎಂದೆ.

ಬರೆದುಕೊಂಡರು. "ಬಾದಾಮಿ ಅಂದ್ರೆ ಮೇ ಕೊನೆ, ಜೂನ್ ಮೊದಲು. ಸರಿಹೋಯ್ತು." ಪೆನ್ನಿಗೆ ಟೋಪಿ ಹಾಕುತ್ತ ತಲೆ ಎತ್ತದೆಯೇ ಕೇಳಿದರು, "ರಾಮೇಶ್ವರದ ಕಡೆ ಬಾದಾಮಿ ಸಿಗುತ್ತೇನಮ್ಮ?"

"ಬಸುರಿ ಹೆಂಗಸು ಕೇಳಿದ್ರೆ ಎಲ್ಲಿಂದಾದ್ರೂ ತಂದ್ಕೊಡೋರು ಇರ್ತಾರೆ ಸಾರ್."

ಆಗ ತಲೆ ಎತ್ತಿ ನನ್ನನ್ನು ನೋಡಿದರು. ಆಮೇಲೆ ಲೋಟ ಎತ್ತಿ ಮಜ್ಜಿಗೆಯನ್ನೆಲ್ಲ ಕುಡಿದು, "ಉಪ್ಪು ಕರೆಕ್ಟಾಗಿದೆ" ಎಂದು ಎದ್ದರು. ಹೋಗುವಾಗ ಚಂದನಳ ತಲೆ ಮುಟ್ಟಿ, "ಪೋಸ್ಟಾಫೀಸಿಗೆ ಹೋದ್ಮೇಲೆ ಕಾಗದ ಬೇಗ ತಲುಪಿಸಮ್ಮ" ಎಂದರು.

ಬೈಕಿನ ಸದ್ದು ಹೋದ ಮೇಲೆ ತವಮಣಿ ಒಳಗೆ ಹೋದಳು. ನಾನು ನೆಲಕ್ಕೆ ಚೆಲ್ಲಿದ್ದ ಮಜ್ಜಿಗೆ ಒರೆಸಲು ಹೋದರೆ ಅವಳು ಆಗಲೇ ಒರೆಸುತ್ತಿದ್ದಳು. ಇಬ್ಬರೂ ಒಂದೇ ಬಟ್ಟೆಯ ಎರಡು ತುದಿ ಹಿಡಿದು ಒರೆಸಿದೆವು.

ಮೇ 20

ಡೈರಿಗೆ ಹೋದೆ. ಆಂಜಿ ಎಂದಿನಂತೆ ನನ್ನ ಕ್ಯಾನು ನೇರವಾಗಿ ಸುರಿಯಲು ಹೊರಟ.

"ಕಡ್ಡಿ ಹಾಕಿ ನೋಡೋ" ಎಂದೆ.

"ಯಾಕಕ್ಕಾ? ಏನಾಯ್ತು?"

"ಹಾಕು ಅಂದ್ರೆ ಹಾಕ್ಲಾ!"

ಹಾಕಿದ. ಹಾಲು ಚೆನ್ನಾಗಿಯೇ ಇತ್ತು. ಯಾಕೆ ಹಾಗೆ ಅಂದೆನೋ ನನಗೇ ಗೊತ್ತಿಲ್ಲ. ಇನ್ನು ಮೇಲೆ ದಿನಾ ನೋಡು ಎಂದು ಹೇಳಿ ಬಂದಿದ್ದೇನೆ.

ಜೂನ್ 1

ಎಂದೂ ಇಲ್ಲದ್ದು, ಚಂದನ ಮನೆಗೆ ಕೇಕು ತಂದಳು. ತಾತನಿಗೆ, ಅಪ್ಪನಿಗೆ, ಅಮ್ಮನಿಗೆ ಮೂವರಿಗೂ ಸೇರಿಸಿ ಒಂದೇ. "ಎಲ್ಲಾ ಮೇಷ್ಟ್ರ ಮಕ್ಕಳು" ಎಂದಳು. ಯಜಮಾನರು ಮೂಗಿಗೆಲ್ಲ ಕೆನೆ ಮೆತ್ತಿಕೊಂಡು ತಿಂದರು. ತವಮಣಿ ಒಂದು ತುಂಡು ಬಾಯಿಗಿಟ್ಟುಕೊಂಡಳು, ಮಿಕ್ಕದ್ದನ್ನು ಚಂದನಳ ತಟ್ಟೆಗೆ ಹಾಕಿದಳು.

ಕಚೇರಿಯಿಂದ ಇನ್ನೂ ಏನೂ ಬಂದಿಲ್ಲ.

ಜೂನ್ 17

ಶಾಮಲಮ್ಮನಿಂದ ಕಾಗದ. ಯಾರು ಹೇಳಿದರೋ. 'ನಿನ್ನ ಸೊಸೆ ಸಿಲೋನಿನವಳಂತೆ, ಮನೆಗೆ ಪೊಲೀಸರು ಬಂದಿದ್ದರಂತೆ, ಇಷ್ಟು ವರ್ಷ ನನ್ನಿಂದಲೂ ಮುಚ್ಚಿಟ್ಟೆಯಲ್ಲ ಅಕ್ಕ' ಎಂದು.

ಕೂತ ಕೂತಲ್ಲೇ ಬರೆದು ಡಬ್ಬಕ್ಕೆ ಹಾಕಿ ಬಂದೆ. 'ಅವಳ ಹೆಸರು ತವಮಣಿ. ಹುಟ್ಟಿದ್ದು ಮಂಡಪಂನಲ್ಲಿ. ತಾಯಿಯ ಹೆಸರು ಪೂಮಣಿ, ಈ ತಿಂಗಳು ನಮ್ಮ ಮನೆಗೆ ಬಂದು ಒಂದು ವಾರ ಇರುತ್ತಾರೆ, ಕ್ಯಾಂಪಿನ ಒಪ್ಪಿಗೆ ತೆಗೆದುಕೊಂಡಿದ್ದಾರೆ. ನೀನೂ ಬಾ. ಅವರ ಮೀನುಸಾರು ತಿಂದರೆ ಮರೆಯುವುದಿಲ್ಲವಂತೆ. ಇದನ್ನು ಜಗಲಿಯಲ್ಲಿ ಗಟ್ಟಿಯಾಗಿ ಓದಿಸು.'

ಕಾಗದ ಹಾಕಿ ಬಂದ ಮೇಲೆ ನೆನಪಾಯಿತು, 'ನಾವೆಲ್ಲ ಇಲ್ಲಿ ಕ್ಷೇಮ' ಎಂದು ಬರೆಯುವುದೇ ಮರೆತಿದ್ದೆ.

ಜುಲೈ 2

ಬಂತು. ಚಂದನ ಸೋಮವಾರ ಕೆಲಸಕ್ಕೆ ಸೇರಬೇಕು.

ಗಂಗುಲಪ್ಪನವರಿಗೆ ಫೋನು ಮಾಡಿದೆವು. "ಒಳ್ಳೇದಾಯ್ತು. ಆದ್ರೆ ಇದೇ ಕೊನೆ ಅಂತ ತಿಳ್ಕೋಬೇಡಿ. ನಾಳೆ ಇನ್ನೊಂದು ಕಾಯ್ದೆ ಬರಬಹುದು, ಇನ್ನೊಬ್ಬ ಬಂದು ಇನ್ನೊಂಥರ ಕೇಳಬಹುದು. ಹೇಳಿದ ಮಾತು ಮಾತ್ರ ಬದಲಾಯಿಸಬೇಡಿ" ಎಂದರು. ಬದಲಾಯಿಸುವುದಿಲ್ಲ ಎಂದೆ.

ಸದ್ಯಕ್ಕೆ ಬೈಕಿನ ಸದ್ದಿಗೆ ಎದೆ ಹಾರುವುದು ನಿಂತಿಲ್ಲ. ಅಭ್ಯಾಸವಾಗುತ್ತಿದೆ.

ಜುಲೈ 19

ಯಜಮಾನರು ಶ್ರೀನಿವಾಸಪುರಕ್ಕೆ ನನ್ನ ತವರಿನವರನ್ನು ನೋಡಲು ಹೋಗಿದ್ದರು. ಬರುವಾಗ ಚೀಲದ ತುಂಬ ಹಣ್ಣು. ಹೊರಗೆ ಗಾಳಿ ಕೊಟ್ಟಿಗೆಯ ತಗಡನ್ನು ಎತ್ತಿ ಎತ್ತಿ ಬಡಿಯುತ್ತಿತ್ತು.

"ಬೇರೇದೆಲ್ಲ ಮುಗಿದೋಯ್ತು, ತೋಪಲ್ಲಿ ಇದೊಂದೇ ಮಿಕ್ಕಿದ್ದು" ಎಂದು ಚೀಲ ಇಳಿಸಿದರು. ನೀಲಂ. ಮನೆಯೆಲ್ಲ ಅದರದೇ ವಾಸನೆ.

ಅವರು ಹೊಲಕ್ಕೆ ಹೋದರು, ಮಿಕ್ಕವರು ಆಗಲೇ ಅಲ್ಲಿದ್ದರು. ನಾನು ತವಮಣಿಯನ್ನು ಕರೆದೆ. ಹಿತ್ತಿಲ ಬಾಗಿಲು ಹಾಕಿಕೊಂಡು ಬಾ ಎಂದೆ. ಅಂಥದ್ದೇನೂ ಇರಲಿಲ್ಲ, ಆದರೂ ಹಾಕಿಕೊಂಡು ಬಾ ಎಂದೆ. ಕೈಗೆ ಸಿಕ್ಕ ದೊಡ್ಡ ಹಣ್ಣನ್ನು ತೊಳೆದೆ. ಈಳಿಗೆಮಣೆಯ ಮುಂದೆ ಕೂತು ಕೊಯ್ದು ಮೊದಲ ಹೋಳನ್ನು ಅವಳ ಅಂಗೈಗೆ ಇಟ್ಟೆ. ಅವಳು ತಿಂದಳು. ಕಣ್ಣಲ್ಲಿ ನೀರಿತ್ತು, ನಗುತ್ತಲೂ ಇದ್ದಳು.

"ಚೆನ್ನಾಗಿದೆಯಾ ಮಗಳೇ?" ಎಂದೆ.

"ಚೆನ್ನಾಗಿದೆ. ಯಾವ ಹಣ್ಣು ಅತ್ತೆ ಇದು?"

"ಬಾದಾಮಿ" ಎಂದೆ, ಇನ್ನೊಂದು ಹೋಳು ಕೊಯ್ಯುತ್ತ.